ದೀಪ ದೊಡ್ಡದು ಮಾಡುವುದು

ಮನುಷ್ಯ ಎಂದ ಮೇಲೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಊರವರ ಮಕ್ಕಳಿಗೆಲ್ಲ ಸಂಬಂಧ ಕುದುರಿಸುವುದು. ನನ್ನ ಚಟ ಸ್ವಿಚ್ಚಿನದು. ಯಾರೂ ಇಲ್ಲದ ಕೋಣೆಯಲ್ಲಿ ಬಲ್ಬು ಉರಿಯುತ್ತಿದೆ ಎಂದು ಗೊತ್ತಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅಂಗಾಲಿನಲ್ಲಿ ಶುರುವಾದ ಕಸಿವಿಸಿ ಮೊಣಕಾಲಿಗೆ ಬಂದು, ಸೊಂಟಕ್ಕೆ ಏರಿ, ಕೊನೆಗೆ ನನ್ನನ್ನು ಎಬ್ಬಿಸಿಯೇ ಬಿಡುತ್ತದೆ. ಊಟದ ನಡುವೆ ಎಂಜಲು ಕೈಯಲ್ಲೇ ಎದ್ದುಹೋಗಿ, ಮೊಣಕೈಯಿಂದ ಸ್ವಿಚ್ಚು ಒತ್ತಿ ಬಂದು, ಮತ್ತೆ ಅನ್ನ ಕಲಸಿದವನು ನಾನು. ಸ್ವಂತ ಮನೆಯಲ್ಲಾದರೆ ಸರಿ, ಪರರ ಮನೆಯಲ್ಲೂ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಕಡಬದಲ್ಲಿ ಹೆಂಡತಿಯ ಕಡೆಯ ಮದುವೆಗೆ ಹೋಗಿದ್ದಾಗ ಮುಚ್ಚಿದ ಬಾಗಿಲೊಂದರ ಸಂದಿನಿಂದ ಬೆಳಕು ಕಂಡಿತು. ಸ್ವಿಚ್ಚು ಹೊರಗಡೆ ಇತ್ತು. ಯಾರೋ ಮರೆತು ಹೋಗಿದ್ದಾರೆ ಎಂದು ಒತ್ತಿದೆ. ಒಳಗಿನಿಂದ ಏಳೆಂಟು ಹೆಂಗಸರ ಬೊಬ್ಬೆ ಕೇಳಿತು. ಮದುಮಗಳಿಗೆ ಸೀರೆ ಉಡಿಸುತ್ತಿದ್ದರಂತೆ. ಆ ಮದುವೆಯ ಊಟದಲ್ಲಿ ನನ್ನ ಎಲೆಗೆ ಎರಡನೇ ಸಲ ಪಾಯಸ ಬಡಿಸಲು ಯಾರೂ ಬರಲಿಲ್ಲ.

ಇದನ್ನು ಜಿಪುಣತನ ಎನ್ನುವವರಿದ್ದಾರೆ. ಅವರಲ್ಲಿ ನನ್ನ ಹೆಂಡತಿ ಜಲಜಾಕ್ಷಿಯೇ ಮೊದಲನೆಯವಳು. ಆದರೆ ಇದು ನನಗೆ ಅಮ್ಮನಿಂದ ಬಂದದ್ದು. ನಾನು ಆಲೆಟ್ಟಿಯಲ್ಲಿ ಚಿಕ್ಕವನಿದ್ದಾಗ ಬೆಂಕಿಪೆಟ್ಟಿಗೆಯನ್ನು ಅಮ್ಮ ಬಂಗಾರದ ಜೊತೆ ಇಡುತ್ತಿದ್ದಳು. ಬೆಳಿಗ್ಗೆ ಒಲೆಯ ಕೆಂಡ ತಣಿದಿದ್ದರೆ ನಾನು ತೆಂಗಿನ ಗೆರಟೆ ಹಿಡಿದುಕೊಂಡು ನೆರೆಮನೆಗೆ ಓಡಬೇಕು. ಅವರು ಅದರಲ್ಲಿ ಎರಡು ಕೆಂಡ ಹಾಕಿಕೊಟ್ಟರೆ ಊದುತ್ತಾ ಊದುತ್ತಾ ಮನೆ ಮುಟ್ಟಿಸಬೇಕು. ಇಡೀ ಮನೆಗೆ ಇದ್ದದ್ದು ಎರಡು ಚಿಮಿಣಿ ದೀಪ. ಊಟ ಮುಗಿದು ಪಾತ್ರೆ ಮಗುಚಿದ ಕೂಡಲೇ ಅಮ್ಮನ ಅಪ್ಪಣೆ ಆಗುತ್ತಿತ್ತು: “ನಾರ್ಣ, ದೀಪ ದೊಡ್ಡದು ಮಾಡು.” ಹೊರಗಿನವರು ಕೇಳಿದರೆ ಬತ್ತಿ ಏರಿಸಲು ಹೇಳುತ್ತಿದ್ದಾಳೆ ಎಂದುಕೊಂಡಾರು. ಅಲ್ಲ, ಆರಿಸು ಎಂದು ಅದರ ಅರ್ಥ. ಆರಿಸು, ನಂದಿಸು ಎಂಬ ಮಾತುಗಳು ಅಪಶಕುನ, ದೀಪದ ಎದುರು ಆಡಬಾರದು. ಹೊರಟವರು ‘ಹೋಗ್ತೇನೆ’ ಎನ್ನದೆ ‘ಬರ್ತೇನೆ’ ಎನ್ನುವ ಊರಲ್ಲವೇ ನಮ್ಮದು? ಹಾಗೆಯೇ ದೀಪವನ್ನು ಉಫ್ ಎಂದು ಊದಿ, ಕತ್ತಲಲ್ಲಿ ಕೂತು, ದೊಡ್ಡದು ಮಾಡಿದೆವು ಎನ್ನುವುದು. ಮುಂದೆ ಪುತ್ತೂರಿಗೆ ಬಂದು ಕರೆಂಟಿನ ಮನೆಯಲ್ಲಿ ವಾಸ ಮಾಡಿದಾಗಲೂ ಅಮ್ಮ ಮಾತು ಬದಲಿಸಲಿಲ್ಲ. ಬಲ್ಬನ್ನೂ ಅವಳು ದೊಡ್ಡದೇ ಮಾಡಿಸುತ್ತಿದ್ದಳು.

ಆಗ ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಕಬಕದ ಜಂಕ್ಷನಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಬಾಡಿಗೆ ಮನೆ. ಎಪ್ಪತ್ತರ ದಶಕ ಮುಗಿದು ಎಂಬತ್ತರದು ಕಾಲಿಟ್ಟಿತ್ತು. ಅರಬ್ ದೇಶಗಳು ಎಣ್ಣೆಯ ಬೆಲೆ ಏರಿಸಿ ದೊಡ್ಡ ದೊಡ್ಡ ರಾಷ್ಟ್ರಗಳೆಲ್ಲ ತಲೆಗೆ ಕೈ ಹೊತ್ತು ಕೂತಿದ್ದ ಕಾಲ. ನಮ್ಮಲ್ಲಿಯೂ ಸೀಮೆಎಣ್ಣೆಗೆ ಸಾಲು, ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯ ಮುಂದೆ ಪೂರ್ವಕ್ಕೆ ತೆರೆದ ಒಂದು ಒಳ್ಳೆಯ ಜಗಲಿ. ಬೆಳಗಿನ ಬಿಸಿಲು ಅಲ್ಲಿಗೇ ಮೊದಲು ಬರುವುದು, ಸಂಜೆ ದೀಪ ಹಚ್ಚುವವರೆಗೂ ಅಲ್ಲಿ ಅಕ್ಷರ ಕಾಣುವುದು. ಆ ಜಗಲಿಯ ನಟ್ಟನಡುವೆ ನನ್ನ ಆರಾಮಕುರ್ಚಿ. ಶಾಲೆಗೆ ಹೋಗುವ ಮೊದಲು ಮತ್ತು ಬಂದ ಮೇಲೆ, ರಜೆಯಲ್ಲಾದರೆ ಇಡೀ ದಿನ, ಅಲ್ಲಿ ಕೂತು ಪೇಪರು ಓದುತ್ತಾ ಜಗತ್ತಿನ ಚಿಂತೆ ಮಾಡುವುದು ನನ್ನ ಕ್ರಮ. ಇಂಧನ ಉರಿಸದಿದ್ದರೆ ಕಾರ್ಖಾನೆ ಇಲ್ಲ, ಕಾರ್ಖಾನೆ ಇಲ್ಲದಿದ್ದರೆ ಬೆಳವಣಿಗೆ ಇಲ್ಲ. ಉರಿಸುತ್ತಾ ಹೋದರೆ ಒಂದು ದಿನ ಉರಿಸಲು ಏನೂ ಇಲ್ಲ. ಬೆಳವಣಿಗೆಯೂ ನಿಲ್ಲಬಾರದು, ಇಂಧನವೂ ಮುಗಿಯಬಾರದು, ಇದು ಹೇಗೆ? ಪೇಪರಿನವರಿಗೆ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆದರೆ ಅವರು ಮರುದಿನ ಬೇರೆ ಸುದ್ದಿ ಬರೆಯುತ್ತಿದ್ದರು, ನಾನು ಮಾತ್ರ ಕುರ್ಚಿಯಲ್ಲಿ ಹೊರಳಾಡುತ್ತಿದ್ದೆ.

ಹೊರಳಾಟಕ್ಕೆ ಕಾರಣ ಬರೇ ಅರಬ್ ದೇಶಗಳಲ್ಲ. ನನ್ನ ಬೆನ್ನ ಹಿಂದೆಯೇ, ಮನೆಯ ನಡುಕೋಣೆಯಲ್ಲಿ, ಹಾಡಹಗಲಿಗೆ ಒಂದು ನಲವತ್ತು ಕ್ಯಾಂಡಲಿನ ಬಲ್ಬು ಉರಿಯುತ್ತಿತ್ತು. ಆ ಕೋಣೆಗೆ ಕಿಟಕಿ ಇಲ್ಲ. ಅದರಲ್ಲಿ ಜಲಜಾಕ್ಷಿಯ ಹೊಲಿಗೆ ಮೆಶಿನ್ನು. ಮದುವೆಯಲ್ಲಿ ಅವಳ ಅಣ್ಣ ಕೊಟ್ಟದ್ದು. ಕಡಬದಲ್ಲಿದ್ದಾಗಲೇ ಅವಳು ಹೊಲಿಗೆ ಕಲಿತವಳು. ಮೊದಲು ನನ್ನ ಅಂಗಿಯ ಹರಿದ ಕಾಲರು ತಿರುಗಿಸಿ ಹೊಲಿಯುತ್ತಿದ್ದಳು, ಆಮೇಲೆ ನೆರೆಮನೆಯವರ ರವಿಕೆ, ಆಮೇಲೆ ಮಕ್ಕಳ ಶಾಲೆಯ ಲಂಗ. ಅವಳ ಹೊಲಿಗೆ ಎರಡು ಸಲ ಒಗೆದರೂ ಬಿಡುವುದಿಲ್ಲ ಎಂದು ಹೆಸರು ಬಂದು, ಒಂದೆರಡು ವರ್ಷಗಳಲ್ಲಿ ನಡುಕೋಣೆಯ ತುಂಬ ಬಟ್ಟೆಯ ರಾಶಿ. ಜಗತ್ತಿನಲ್ಲಿ ಎಲ್ಲೆಲ್ಲೋ ನಿಂತುಹೋದ ಬೆಳವಣಿಗೆ ನಮ್ಮ ನಡುಕೋಣೆಯಲ್ಲಿ ಟಕಟಕ ಎಂದು ನಡೆಯುತ್ತಿತ್ತು. ನನಗೆ ಆ ಟಕಟಕದ ಜೊತೆಗೆ, ಗೋಡೆಯ ಮೇಲಿನ ಮೀಟರಿನ ಚಕ್ರ ತಿರುಗುವುದೂ ಕೇಳುತ್ತಿತ್ತು. ಮೀಟರಿಗೆ ಶಬ್ದ ಇಲ್ಲ ಎಂದು ನೀವು ಹೇಳಬಹುದು. ನನ್ನಂಥವನಿಗೆ ಉಂಟು. ಆ ಚಕ್ರದ ಅಂಚಿನಲ್ಲಿ ಒಂದು ಕೆಂಪು ಗುರುತು ಇರುತ್ತದಲ್ಲ, ಅದು ಒಂದು ಸುತ್ತು ಮುಗಿಸಿ ಮತ್ತೆ ಎದುರಿಗೆ ಬರುವುದನ್ನು ಸ್ಟೂಲಿನ ಮೇಲೆ ನಿಂತು ಎಣಿಸುವುದು ನನ್ನ ಮುಖ್ಯ ವ್ಯಾಯಾಮವಾಗಿತ್ತು.

ಇಂಧನ ಉಳಿಸಲು ನಾನು ಪ್ರಯೋಗ ಮಾಡದೆ ಬರೇ ಬಾಯಿ ಬಡಿದುಕೊಳ್ಳುವವನಲ್ಲ ಎಂಬುದಕ್ಕೆ ಒಂದು ಸಾಕ್ಷಿ ಹೇಳುತ್ತೇನೆ. ನಮ್ಮ ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕೆಂದು ಗೊತ್ತಿದೆಯಲ್ಲ? ಅದು ಅರ್ಧ ಬೆಂದ ಕೂಡಲೇ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಉಳಿದರ್ಧ ತಾನೇ ಬೇಯುತ್ತದೆ ಎಂದು ಎಲ್ಲಿಯೋ ಓದಿದ್ದೆ. ಒಂದು ಭಾನುವಾರ ಹಾಗೆಯೇ ಸುತ್ತಿ, ಇಲಿ ಬರಬಾರದೆಂದು ಜಗಲಿಯ ಮಂಚದ ಮೇಲೆ ಇಟ್ಟೆ. ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ಟರು ಮಾತಾಡಿಸಿಕೊಂಡು ಹೋಗೋಣವೆಂದು ಬಂದರು. ಸ್ಥೂಲ ಶರೀರದವರು, ಬಿಸಿಲಲ್ಲಿ ನಡೆದು ದಣಿದಿದ್ದರು. ಮಂಚದ ಮೇಲೆ ದಿಂಬಿನ ಹಾಗೆ ಕಂಬಳಿ ಕಂಡದ್ದೇ ಅದಕ್ಕೆ ಬೆನ್ನು ಕೊಟ್ಟು ಒರಗಿದರು. ಮುಂದಿನದನ್ನು ವಿವರಿಸುವುದಿಲ್ಲ. ಗಂಜಿ ಅವರ ಬಿಳಿ ಪಂಚೆಯ ಮೇಲೂ ಅಷ್ಟೇ ಬಿಳಿಯಾಗಿ ಹರಡಿತು. ಅಕ್ಕಿ ಚೆನ್ನಾಗಿ ಬೆಂದಿತ್ತು ಎಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಹೀಗಿರುವಾಗ ಗುತ್ತಿಗಾರಿನಿಂದ ದೇವಕಿಯಕ್ಕ ಬಂದರು. ಅಲ್ಲಿಯ ಮಹಿಳಾ ಮಂಡಲದ ಮುಖ್ಯಸ್ಥೆ, ಕಡಬದ ಮದುವೆಯಲ್ಲಿ ಜಲಜಾಕ್ಷಿ ಹೊಲಿದ ರವಿಕೆಗಳನ್ನು ನೋಡಿ ಮೆಚ್ಚಿದವರು. (ಕತ್ತಲಲ್ಲಿ ಬೊಬ್ಬೆ ಹಾಕಿದವರಲ್ಲಿಯೂ ಒಬ್ಬರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ್ದರಿಂದ ಗೊತ್ತಾಯಿತು.) ಸುಳ್ಯದಲ್ಲಿ ಒಂದು ದೊಡ್ಡ ಸಭೆ, ಅದರಲ್ಲಿ ಅವರ ಮಂಡಲದ ಹನ್ನೆರಡು ಮಂದಿ ಪ್ರಾರ್ಥನೆ ಹಾಡಬೇಕು, ಎಲ್ಲರಿಗೂ ಬಿಳಿ ಸೀರೆ, ಕಡು ಹಸಿರು ರವಿಕೆ. ಹಸಿರು ಬಟ್ಟೆಯ ಜೊತೆಗೆ ಹನ್ನೆರಡು ಮಂದಿಯ ಅಳತೆ ರವಿಕೆಗಳನ್ನೂ ಗಂಟು ಕಟ್ಟಿ ತಂದಿದ್ದರು.

“ನೋಡು ಜಲಜ, ಇದು ಚಂದ ಆದ್ರೆ ಸುಳ್ಯದ ಬೇರೆ ಮಂಡಲದವರೂ ನಿನ್ನ ಹತ್ರವೇ ಬರ್ತಾರೆ. ಎಲ್ಲರೂ ನೋಡುವ ಜಾಗ ಅದು. ನನ್ನ ಮರ್ಯಾದೆ ನಿನ್ನ ಕೈಯಲ್ಲಿ ಉಂಟು.”

ಅಂದು ಸಂಜೆ ಜಲಜಾಕ್ಷಿ ನನ್ನ ಹತ್ತಿರ ಬಂದು ನಿಂತಳು. ಸಾಧಾರಣವಾಗಿ ಅವಳು ಆಸೆಗಳನ್ನು ಹೇಳಿಕೊಳ್ಳುವವಳಲ್ಲ. “ಇದು ಒಳ್ಳೆದಾದ್ರೆ ಇನ್ನೊಂದು ಮೆಶಿನ್ನು ತಗೊಳ್ಳುವ ಅಂತ ಉಂಟು. ಹೊರಗೆ ಒಂದು ಬೋರ್ಡು ಹಾಕಿದ್ರೆ ಹೇಗೆ?” ಎಂದಳು. ಬೋರ್ಡಿನಲ್ಲಿ ತನ್ನ ಹೆಸರು ಇರಬೇಕೆಂದು ಅವಳಿಗೆ ಆಸೆ. ನಾಚಿಕೆಯಿಂದ ಅದನ್ನು ಹೇಳಲಿಲ್ಲ, ಆದರೆ ನನಗೆ ತಿಳಿಯಿತು. ನಾನು ಪೇಪರಿನಿಂದ ಮುಖ ಎತ್ತದೆ “ಹಾಕುವ, ಹಾಕುವ” ಎಂದೆ.

ಎರಡು ದಿನ ಬಿಟ್ಟು ಅವಳು ಅಡುಗೆಮನೆಯಿಂದ ಕೂಗಿ ಹೇಳಿದಳು: “ನಡುಕೋಣೆಯ ದೀಪ ಒಂದು ದೊಡ್ಡದು ಮಾಡಿ ಮಾರಾಯ್ರೆ.” ನಾನು ತಕ್ಷಣ ಎದ್ದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಇಷ್ಟು ಸಂತೋಷದಿಂದ ಅವಳ ಮಾತು ನಡೆಸಿಕೊಟ್ಟದ್ದಿಲ್ಲ. ಹೋಗಿ ಸ್ವಿಚ್ಚು ಒತ್ತಿ, ಕೋಣೆಯನ್ನು ಕತ್ತಲು ಮಾಡಿ, ಬಂದು ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿನಲ್ಲಿ ಒಳಗೆ ಏನೋ ಬಿದ್ದ ಸದ್ದು. ಕತ್ತಲಲ್ಲಿ ಕಾಲು ತಾಗಿ ಗುಂಡಿಗಳ ಡಬ್ಬಿ ಮಗುಚಿತ್ತು.

“ಎಂತ ಮಾಡಿದ್ದು ನೀವು?”

“ನೀನೇ ಹೇಳಿದೆಯಲ್ಲ, ದೊಡ್ಡದು ಮಾಡಿ ಅಂತ.”

“ದೊಡ್ಡ ಬಲ್ಬು ಹಾಕಿ ಅಂತ ಹೇಳಿದ್ದು! ಈ ಬೆಳಕಲ್ಲಿ ಸೂಜಿಯ ಕಣ್ಣು ಕಾಣುದಿಲ್ಲ ನನಗೆ. ನಮ್ಮ ಕಡಬದಲ್ಲಿ ದೊಡ್ಡದು ಅಂದ್ರೆ ದೊಡ್ಡದು.”

ಅವಳ ಮಾತು ನನಗೆ ಅರ್ಥವಾಗಿರಲಿಲ್ಲ ಎಂದರೆ ಸುಳ್ಳಾದೀತು. ಎರಡು ಅರ್ಥಗಳೂ ಒಟ್ಟಿಗೇ ಹೊಳೆದಿದ್ದವು, ನಾನು ನನಗೆ ಅನುಕೂಲವಾದದ್ದನ್ನು ಆರಿಸಿಕೊಂಡೆ. ಅರವತ್ತರ ಬಲ್ಬು ನಾಳೆ ತರುತ್ತೇನೆ ಎಂದು ಒಪ್ಪಿಕೊಂಡದ್ದೂ ಹೌದು. ಆ ನಾಳೆ ಬರುವ ಮೊದಲೇ ಹೆಡ್‌ಮಾಸ್ಟರು ನನ್ನನ್ನು ಕರೆದರು. ಸುಳ್ಯದ ಸಭೆ ಇಂಧನ ಉಳಿತಾಯದ ಬಗ್ಗೆಯಂತೆ. ‘ಬೆಳವಣಿಗೆ ಕುಂದದೆ ಇಂಧನ ಉಳಿಸುವುದು ಹೇಗೆ: ಜಗತ್ತಿನ ಮುಂದಿರುವ ಪ್ರಶ್ನೆ’ ಎಂಬ ವಿಷಯದ ಮೇಲೆ ಮಾತಾಡಲು ಒಬ್ಬ ಮೇಷ್ಟ್ರು ಬೇಕಂತೆ. “ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ ಮಾರಾಯ್ರೆ, ನನ್ನ ಬೆನ್ನೇ ಸಾಕ್ಷಿ ಉಂಟು” ಎಂದರು.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಜಗತ್ತಿಗೆ ಹೇಳಿಕೊಳ್ಳಲು ಒಂದು ಸ್ವಂತ ಉದಾಹರಣೆ ಬೇಡವೇ? ಅಮೆರಿಕಾ, ಜಪಾನಿನ ಕತೆ ಪೇಪರು ಓದಿದ ಯಾರೂ ಹೇಳಿಯಾರು. ‘ಸಭಿಕರೇ, ನನ್ನ ಸ್ವಂತ ಮನೆಯಲ್ಲಿ ಇಂಧನದ ಬಳಕೆ ಅರ್ಧಕ್ಕಿಂತ ಕಡಿಮೆಯಾಗಿದೆ, ಉತ್ಪಾದನೆ ಒಂದು ಗುಂಡಿಯಷ್ಟೂ ಕಡಿಮೆಯಾಗಿಲ್ಲ’ ಎಂದರೆ ಹೇಗಿರುತ್ತದೆ! ಕುರ್ಚಿಯಲ್ಲಿ ಕೂತರೆ ಆ ವಾಕ್ಯ, ನಡೆದರೆ ಆ ವಾಕ್ಯ, ಕ್ಲಾಸಿನಲ್ಲಿ ಅಶೋಕನ ಶಿಲಾಶಾಸನ ಹೇಳುವಾಗ ಬಾಯಿಗೆ ಬಂದದ್ದೂ ಅದೇ ವಾಕ್ಯ. ವಾಕ್ಯ ಸಿದ್ಧವಾಗಿತ್ತು, ಅದನ್ನು ನಿಜ ಮಾಡುವುದೊಂದೇ ಬಾಕಿ. ಜಲಜಾಕ್ಷಿ ಬಾವಿಕಟ್ಟೆಗೆ ಹೋದ ಹೊತ್ತು ನೋಡಿ ನಾನು ನಡುಕೋಣೆಗೆ ನುಗ್ಗಿದೆ. ನಲವತ್ತರ ಬಲ್ಬು ಕಳಚಿ, ಅಂಗಿಯಲ್ಲಿ ಸುತ್ತಿ, ನನ್ನ ಟ್ರಂಕಿನ ಅಡಿಯಲ್ಲಿ ಇಟ್ಟೆ. ಅದರ ಜಾಗದಲ್ಲಿ ಒಂದು ಝೀರೋ ಬಲ್ಬು ಹಾಕಿದೆ. ದೇವರ ಫೋಟೋದ ಎದುರು ಹಾಕುತ್ತಾರಲ್ಲ, ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ದೀಪ ಬೇಕಾಗುವಂಥದ್ದು. ಅವಳು ಬಂದ ಮೇಲೆ “ಬಲ್ಬು ಸುಟ್ಟಿತು, ದೊಡ್ಡದು ಅಂಗಡಿಯಲ್ಲಿ ಸ್ಟಾಕ್ ಇಲ್ಲ, ಒಂದು ವಾರ ಸುಧಾರಿಸು” ಎಂದೆ. ಮಕ್ಕಳಿಗೆ ಸತ್ಯಹರಿಶ್ಚಂದ್ರನ ಕತೆ ಹೇಳುವವನು ನಾನು. ಅವಳು ನಂಬಿದಳು. ನಂಬಿದಳು ಎಂಬುದು ಈಗಲೂ ಚುಚ್ಚುತ್ತದೆ.

ಆ ವಾರ ಅವಳು ಕಣ್ಣನ್ನು ಬಟ್ಟೆಗೆ ತಾಗಿಸಿಕೊಂಡು ಹೊಲಿದಳು. ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ನಾನು ಸ್ಟೂಲಿನ ಮೇಲೆ ನಿಂತು ಮೀಟರಿನ ಕೆಂಪು ಗುರುತು ನೋಡುತ್ತಿದ್ದೆ. ಅದು ಎಷ್ಟು ನಿಧಾನವಾಗಿ ಬರುತ್ತಿತ್ತೆಂದರೆ ಕಾಯುತ್ತಾ ಕಾಯುತ್ತಾ ಭಾಷಣದ ಎರಡು ಪುಟ ಬಾಯಿಪಾಠವಾಗುತ್ತಿತ್ತು. ಟಕಟಕ ನಿಂತಿರಲಿಲ್ಲ, ಚಕ್ರ ಮಾತ್ರ ಮಂದವಾಗಿತ್ತು. ದೊಡ್ಡ ದೊಡ್ಡ ದೇಶಗಳಿಗೆ ಆಗದ್ದು ಕಬಕದಲ್ಲಿ ಆಗಿತ್ತು.

ಸಭೆಯ ದಿನ ಬೆಳಿಗ್ಗೆಯ ಬಸ್ಸಿಗೆ ನಾವಿಬ್ಬರೂ ಹೊರಟೆವು. ಕೊನೆಯ ಗುಂಡಿ ಹಚ್ಚಿದ್ದು ಮುಂಜಾನೆ, ಆದ್ದರಿಂದ ರವಿಕೆಗಳನ್ನು ಮಡಚಿ, ಪೇಪರಿನಲ್ಲಿ ಸುತ್ತಿ, ಅವಳೇ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಿದ್ದೆಯಿಲ್ಲದ ಕಣ್ಣು ಕೆಂಪಾಗಿದ್ದರೂ ಮುಖದಲ್ಲಿ ಕಳೆ ಇತ್ತು. ನನಗೆ ಬಸ್ಸು ಪುತ್ತೂರು ದಾಟುವಾಗ ಕಸಿವಿಸಿ ಶುರುವಾಯಿತು: ನಡುಕೋಣೆಯ ಸ್ವಿಚ್ಚು ಒತ್ತಿದ್ದೇನೆಯೇ? “ಒತ್ತಿದ್ದೀರಿ” ಎಂದಳು. ಮುಂದಿನ ಸ್ಟಾಪಿನಲ್ಲಿ ಮತ್ತೆ ಕೇಳಿದೆ. “ಮೂರು ಸಲ ಒತ್ತಿದ್ದೀರಿ. ಇನ್ನೊಮ್ಮೆ ಕೇಳಿದ್ರೆ ನಾನು ಇಳಿದು ನಡೆದು ಬರ್ತೇನೆ.” ಮೂರು ಸಲ ಒತ್ತಿದ್ದರೆ ಈಗ ಆರಿದೆಯೋ ಉರಿಯುತ್ತಿದೆಯೋ ಎಂಬ ಹೊಸ ಲೆಕ್ಕ ಹುಟ್ಟಿ, ಸುಳ್ಯ ಬರುವವರೆಗೂ ನಾನು ಬೆರಳು ಮಡಚುತ್ತಾ ಕೂತೆ.

ಸಭೆ ಒಂದು ಶಾಲೆಯ ಬಯಲಿನಲ್ಲಿ. ವೇದಿಕೆಗೆ ಚಪ್ಪರ ಇದ್ದರೂ ಮುಂದಿನಿಂದ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ಅಂದು ಸುಳ್ಯದಲ್ಲಿ ಕರೆಂಟಿರಲಿಲ್ಲ. ಇಂಧನ ಉಳಿತಾಯದ ಸಭೆಗೆ ಇದಕ್ಕಿಂತ ಒಳ್ಳೆಯ ಲಕ್ಷಣ ಬೇಕೇ? ಗುತ್ತಿಗಾರಿನ ಹನ್ನೆರಡು ಹೆಂಗಸರು ಕ್ಲಾಸುಕೋಣೆಯೊಂದರಲ್ಲಿ ಕಿಟಕಿ ಬಾಗಿಲು ಭದ್ರ ಮಾಡಿಕೊಂಡು ಆ ಕತ್ತಲಲ್ಲೇ ರವಿಕೆ ತೊಟ್ಟರು. ಅಷ್ಟರಲ್ಲಿ ಪ್ರಾರ್ಥನೆಗೆ ಕರೆ ಬಂತು. ಸೆರಗು ಸರಿಮಾಡಿಕೊಳ್ಳುತ್ತಾ ಓಡಿಬಂದು ಸಾಲಾಗಿ ನಿಂತರು. ನಾನು ವೇದಿಕೆಯ ಕುರ್ಚಿಯಲ್ಲಿ, ಅಧ್ಯಕ್ಷತೆಯ ಅಧಿಕಾರಿಯ ಪಕ್ಕದಲ್ಲಿ. ಜಲಜಾಕ್ಷಿ ಕೆಳಗೆ, ಸಭೆಗೆ ಬಂದ ಹೆಂಗಸರ ನಡುವೆ ಎಲ್ಲರಿಗಿಂತ ಮುಂದೆ ಕೂತಿದ್ದಳು. ಹಾಡು ಶುರುವಾಯಿತು. ಎರಡನೇ ಸಾಲಿಗೆ ಬರುವಾಗ ಒಬ್ಬಾಕೆ ಪಕ್ಕದವಳ ತೋಳು ನೋಡಿ ಸ್ವರ ತಪ್ಪಿದಳು. ಪಕ್ಕದವಳು ತನ್ನ ತೋಳು ನೋಡಿಕೊಂಡು ಹಾಡನ್ನೇ ಬಿಟ್ಟಳು. ನಾನೂ ನೋಡಿದೆ. ಹನ್ನೆರಡರಲ್ಲಿ ಐದು ರವಿಕೆಗಳ ಮೈ ಹಸಿರು, ತೋಳು ನೀಲಿ. ನಡುಕೋಣೆಯಲ್ಲಿ ಹಸಿರು ಬಟ್ಟೆಯ ಪಕ್ಕದಲ್ಲೇ ಶಾಲೆ ಮಕ್ಕಳ ಲಂಗದ ಕಡು ನೀಲಿ ಬಟ್ಟೆ ಇತ್ತು. ಝೀರೋ ಬಲ್ಬಿನ ಕೆಳಗೆ ಎರಡೂ ಒಂದೇ ಕಪ್ಪು.

ಜಲಜಾಕ್ಷಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಆದರೂ ನೋಡಿದೆ. ಅವಳು ತಲೆ ತಗ್ಗಿಸಿರಲಿಲ್ಲ. ಕಣ್ಣು ಕಿರಿದು ಮಾಡಿ ಒಂದೊಂದೇ ತೋಳನ್ನು ನೋಡುತ್ತಿದ್ದಳು, ಯಾವುದು ಯಾರದ್ದೆಂದು ಗುರುತು ಹಾಕಿಕೊಳ್ಳುವವಳ ಹಾಗೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಎದ್ದು ನಿಂತದ್ದೇ ಬಾಯಿಪಾಠ ಮಾಡಿದ ಭಾಷಣ ತಾನಾಗಿಯೇ ಹೊರಗೆ ಬಂತು. ಅರಬ್ ದೇಶ ಬಂತು, ಜಪಾನು ಬಂತು. ಅಮ್ಮನ ಮಾತನ್ನೂ ಬಿಡಲಿಲ್ಲ: “ನಮ್ಮ ಹಿರಿಯರು ದೀಪ ಆರಿಸು ಎನ್ನಲಿಲ್ಲ, ದೊಡ್ಡದು ಮಾಡು ಎಂದರು. ಉಳಿತಾಯವೇ ಬೆಳವಣಿಗೆ ಎಂದು ಜಗತ್ತಿಗೆ ಮೊದಲು ಹೇಳಿದವರು ಅವರೇ!” ಚಪ್ಪಾಳೆ ಬಿತ್ತು. ಆಮೇಲೆ, ನಿಲ್ಲಿಸಬೇಕು ನಿಲ್ಲಿಸಬೇಕು ಎಂದುಕೊಳ್ಳುತ್ತಿರುವಾಗಲೇ, ಆ ವಾಕ್ಯವೂ ಹೊರಬಿತ್ತು. “ನನ್ನ ಸ್ವಂತ ಮನೆಯಲ್ಲಿ ಒಂದು ಚಿಕ್ಕ ಬಲ್ಬು ಹಾಕಿ ಇಂಧನ ಅರ್ಧಕ್ಕಿಂತ ಕಡಿಮೆ ಮಾಡಿದ್ದೇನೆ, ಉತ್ಪಾದನೆ ಒಂದು ಗುಂಡಿಯಷ್ಟೂ ಕಡಿಮೆಯಾಗಿಲ್ಲ.” ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಜಲಜಾಕ್ಷಿ ತಟ್ಟಲಿಲ್ಲ. ‘ಹಾಕಿ’ ಎಂಬ ಶಬ್ದ ಕೇಳಿದ ಕೂಡಲೇ ಅವಳು ತೋಳುಗಳನ್ನು ಬಿಟ್ಟು ನನ್ನನ್ನು ನೋಡಿದಳು. ಬಲ್ಬು ಸುಟ್ಟದ್ದಲ್ಲ ಎಂದು ಅವಳಿಗೆ ತಿಳಿದದ್ದು ಆಗ, ಅಷ್ಟು ಜನರ ಎದುರಿಗೆ, ಮೈಕಿಲ್ಲದ ನನ್ನ ದೊಡ್ಡ ಬಾಯಿಯಿಂದ.

ಅಧಿಕಾರಿಗಳು ಧಾರವಾಡದ ಕಡೆಯವರು, ಒಳ್ಳೆಯ ಮನಸ್ಸಿನವರು. ಕೊನೆಗೆ ಎದ್ದು ನಿಂತು ಹೇಳಿದರು: “ಭಾಷಣಕ್ಕಿಂತ ನನಗ ಆ ತಾಯಂದಿರ ಕುಬಸ ಭಾಳ ಛಂದ ಅನಿಸಿದುವು ನೋಡ್ರಿ. ಹಸಿರು ಅಂದ್ರ ಬೆಳವಣಿಗಿ, ನೀಲಿ ಅಂದ್ರ ಉಳಿತಾಯ. ಎರಡೂ ಕೂಡಿಸಿ ಹೊಲದಾರ! ಎಷ್ಟು ವಿಚಾರ ಮಾಡ್ಯಾರ!” ಮತ್ತೆ ಚಪ್ಪಾಳೆ. ದೇವಕಿಯಕ್ಕನ ಮುಖ ಮಾತ್ರ ಅರಳಲಿಲ್ಲ. ಸಭೆ ಮುಗಿದದ್ದೇ ಅವರು ಜಲಜಾಕ್ಷಿಯ ಎದುರು ಬಂದು ನಿಂತರು. ನಾನು ನಡುವೆ ಬಾಯಿ ಹಾಕಿ, “ಸಾಹೇಬರೇ ಮೆಚ್ಚಿದ್ದಾರಲ್ಲ ದೇವಕಿಯಕ್ಕ, ಹಾಗೇ ಇರಲಿ” ಎಂದೆ. ಜಲಜಾಕ್ಷಿ ನನ್ನ ಕಡೆ ನೋಡಲೇ ಇಲ್ಲ.

“ಅವರು ಮೆಚ್ಚಿದ್ದು ನನ್ನ ತಪ್ಪನ್ನು. ಐದೂ ರವಕೆ ಬಿಚ್ಚಿ ಕೊಡಿ ಅಕ್ಕ. ತೋಳು ತೆಗೆದು ಬೇರೆ ಹೊಲಿದು ಕೊಡ್ತೇನೆ. ಆಮೇಲೆ ನೀವು ಬೇರೆಯವರ ಹತ್ರ ಹೋಗಿ, ಬೇಜಾರಿಲ್ಲ.”

ಹಿಂದೆ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ, ನಾನು ಈಚೆ. ಸ್ವಿಚ್ಚಿನ ನೆನಪು ಒಂದು ಸಲವೂ ಬರಲಿಲ್ಲ. ಮನೆಗೆ ಬಂದು ಅವಳು ಐದು ರವಿಕೆಗಳ ಗಂಟನ್ನು ಮೆಶಿನ್ನಿನ ಮೇಲಿಟ್ಟು, ಅದರ ಮೇಲೆ ಹಳೆ ಸೀರೆಯೊಂದನ್ನು ಹೊದಿಸಿದಳು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಟಕಟಕ ಇಲ್ಲ. ನಡುಕೋಣೆಯಲ್ಲಿ ದೀಪವೂ ಇಲ್ಲ. ಸ್ಟೂಲಿನ ಮೇಲೆ ನಿಂತು ನೋಡಿದರೆ ಮೀಟರಿನ ಚಕ್ರ ನಿಂತೇ ಹೋಗಿದೆ. ನಾನು ಜನ್ಮವಿಡೀ ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಆದರೆ ಆ ನಿಂತ ಚಕ್ರ ನೋಡುವಾಗ ನನಗೆ ಅಳು ಬಂದ ಹಾಗಾಯಿತು. ಮನೆಯಲ್ಲಿ ಸ್ವಲ್ಪವೂ ಇಂಧನ ಖರ್ಚಾಗುತ್ತಿರಲಿಲ್ಲ, ಏಕೆಂದರೆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಏಳಬೇಕು ಅನಿಸುತ್ತಿತ್ತು. ಎದ್ದರೆ ಹೋಗಿ ಆರಿಸಲು ಎಲ್ಲಿಯೂ ದೀಪ ಇರಲಿಲ್ಲ.

ಮೂರನೆಯ ದಿನ ಶಾಲೆಯಿಂದ ನೇರ ಪೇಟೆಗೆ ಹೋಗಿ ಒಂದು ನೂರು ಕ್ಯಾಂಡಲಿನ ಬಲ್ಬು ತಂದೆ. ನನ್ನ ಕೈಯಲ್ಲಿ ನೂರರ ಬಲ್ಬು ಕಂಡು ಅಂಗಡಿಯವನೇ “ಯಾರಿಗೆ ಮೇಷ್ಟ್ರೆ?” ಎಂದು ಕೇಳಿದ. ಮನೆಗೆ ಬಂದು ಟ್ರಂಕಿನಡಿಯ ನಲವತ್ತರದ್ದನ್ನೂ ತೆಗೆದು, ಎರಡನ್ನೂ ಜಲಜಾಕ್ಷಿಯ ಮುಂದಿಟ್ಟೆ.

“ಇದು ಸುಟ್ಟಿರಲಿಲ್ಲ” ಎಂದೆ.

“ಗೊತ್ತುಂಟು.” ಅವಳು ನಲವತ್ತರದ್ದನ್ನು ಪಕ್ಕಕ್ಕೆ ಸರಿಸಿದಳು. “ಬಲ್ಬು ತೆಗೆದದ್ದಕ್ಕೆ ಬೇಜಾರಿಲ್ಲ ನನಗೆ. ಚಿಕ್ಕ ಬಲ್ಬಿಂದಲೋ, ನನಗೆ ಕಣ್ಣೇ ಮಂದ ಆಯ್ತೋ ಅಂತ ಒಂದು ವಾರ ಹೆದರಿಕೊಂಡು ಹೊಲಿದೆ. ನೀವು ಎದುರಲ್ಲೇ ಸ್ಟೂಲಿನ ಮೇಲೆ ನಿಂತಿದ್ರಿ.”

ತಪ್ಪಾಯಿತು ಎಂದು ಮಾತ್ರ ಹೇಳಿ, ನಡುಕೋಣೆಗೆ ಹೋಗಿ ನೂರರ ಬಲ್ಬು ಹಾಕಿ ಸ್ವಿಚ್ಚು ಒತ್ತಿದೆ. ಕೋಣೆಯ ಜೇಡರ ಬಲೆಗಳೆಲ್ಲ ಕಂಡವು. ಆಗ ಅಮ್ಮ ಬಾಗಿಲಲ್ಲಿ ಬಂದು ನಿಂತಳು. ಇಷ್ಟು ದಿನ ಏನೊಂದೂ ಮಾತಾಡದೆ ನಮ್ಮಿಬ್ಬರ ಆಟ ನೋಡುತ್ತಿದ್ದವಳು.

“ಹಗಲಿಗೆ ಇಷ್ಟು ದೊಡ್ಡ ದೀಪವಾ ನಾರ್ಣ?”

“ಜಲಜನಿಗೆ ಬೆಳಕು ಸಾಲುದಿಲ್ಲ ಅಮ್ಮ.”

“ಬೆಳಕು ಜಗಲಿಯಲ್ಲಿ ರಾಶಿ ಬಿದ್ದುಂಟಲ್ಲ. ಅದರಲ್ಲಿ ನೀನು ಕೂತಿದ್ದಿ. ನೀನು ಏಳು, ಸಾಕು.”

ಜಗತ್ತಿನ ಪೇಪರುಗಳಿಗೆ ಸಿಗದ ಉತ್ತರ ಇಷ್ಟೇ ಆಗಿತ್ತು. ನಾನೂ ಜಲಜಾಕ್ಷಿಯೂ ಸೇರಿ ಮೆಶಿನ್ನನ್ನು ಜಗಲಿಗೆ ಹೊತ್ತೆವು, ಆರಾಮಕುರ್ಚಿಯನ್ನು ನಡುಕೋಣೆಗೆ ತಂದೆವು. ಅದೇ ಸಂಜೆಯ ಬೆಳಕಿನಲ್ಲಿ ಅವಳು ಐದು ರವಿಕೆಗಳ ನೀಲಿ ತೋಳು ಬಿಚ್ಚಿ ಹಸಿರು ಹೊಲಿದಳು. ಅವನ್ನು ಗುತ್ತಿಗಾರಿಗೆ ನಾನೇ ಹೊತ್ತುಕೊಂಡು ಹೋದೆ. ದೇವಕಿಯಕ್ಕನ ಜಗಲಿಯಲ್ಲಿ ನಿಂತು, ತಪ್ಪು ಹೊಲಿದವಳದ್ದಲ್ಲ, ಬಲ್ಬು ಕದ್ದವನದ್ದು ಎಂದು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಡಬದಲ್ಲೇ ಗೊತ್ತಾಗಿತ್ತು ನಂಗೆ” ಎಂದರು. ಆದರೆ ಹೊರಡುವಾಗ ಇನ್ನೊಂದು ಬಟ್ಟೆಯ ಗಂಟು ಕೈಗೆ ಕೊಟ್ಟರು. ಮುಂದೆ ನಡೆದದ್ದು ನಾನು ಊಹಿಸಿಯೇ ಇರಲಿಲ್ಲ. ಕಬಕದಲ್ಲಿ ಬಸ್ಸಿಗೆ ನಡೆದುಹೋಗುವವರೆಲ್ಲ ಜಗಲಿಯಲ್ಲಿ ಹೊಲಿಯುವ ಜಲಜಾಕ್ಷಿಯನ್ನು ಕಂಡು ಒಳಗೆ ಬರತೊಡಗಿದರು. ಮಳೆಗಾಲ ಮುಗಿಯುವಾಗ ಎರಡನೇ ಮೆಶಿನ್ನು ಬಂತು. ಬೋರ್ಡು ಬಂತು, ಅದರಲ್ಲಿ ಅವಳ ಹೆಸರೂ ಬಂತು. ಮೀಟರಿನ ಚಕ್ರ ಹಿಂದಿಗಿಂತ ನಿಧಾನವಾಗಿಯೇ ತಿರುಗುತ್ತಿತ್ತು. ಸುಳ್ಯದಲ್ಲಿ ನಾನು ಸುಳ್ಳು ಹೇಳಿದ್ದ ವಾಕ್ಯ ಈಗ ಅಕ್ಷರಶಃ ನಿಜ. ಅಷ್ಟು ವರ್ಷಗಳ ಕಾಲ ಮನೆಯ ಅತ್ಯುತ್ತಮ ಬೆಳಕನ್ನು ಸುಮ್ಮನೆ ಕುಡಿದು, ಏನೊಂದೂ ಉತ್ಪಾದಿಸದೆ ಇದ್ದ ವಸ್ತು ಬಲ್ಬಲ್ಲ, ನಾನು.

ಈಗ ನಾನು ನಡುಕೋಣೆಯಲ್ಲಿ ಪೇಪರು ಓದುತ್ತೇನೆ. ಅಲ್ಲಿ ಹಗಲಿಗೂ ದೀಪ ಬೇಕು. ಮೊನ್ನೆ ಹಾಗೆ ಕೂತು, ಎಣ್ಣೆಯ ಬೆಲೆ ಮತ್ತೆ ಏರುವ ಸುದ್ದಿಯಲ್ಲಿ ಮುಳುಗಿದ್ದಾಗ ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿ, ಕೈ ಚಾಚಿ ಸ್ವಿಚ್ಚು ಒತ್ತಿದಳು.

“ಅಮ್ಮಾ, ನಾನು ಇಲ್ಲಿ ಇದ್ದೇನೆ!”

“ಕಂಡೆ. ಕೆಲಸ ಇಲ್ಲದಲ್ಲಿ ದೀಪ ಎಂತಕ್ಕೆ? ದೊಡ್ಡದು ಮಾಡಿದೆ.”

ಜಗಲಿಯಲ್ಲಿ ಟಕಟಕ ಒಂದು ಗಳಿಗೆ ನಿಂತಿತು. ಜಲಜಾಕ್ಷಿ ನಕ್ಕದ್ದು ಕೇಳಿತು. ಆಮೇಲೆ ಮೆಶಿನ್ನು ಮತ್ತೆ ಹೊರಟಿತು. ಪೇಪರು ತೊಡೆಯ ಮೇಲೆ, ಸುತ್ತಲೂ ಕಗ್ಗತ್ತಲು. ಇಡೀ ಮನೆಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ, ಇನ್ನಾದರೂ ಕೂತಲ್ಲಿ ಕೂರಬಹುದು ಎಂದುಕೊಂಡೆ. ಅಂಗಾಲಿನಲ್ಲಿ ಶುರುವಾಯಿತು. ಅಮ್ಮನಿಗೆ ಕೈಯಲ್ಲಿ ಬಲ ಸಾಲದು, ಸ್ವಿಚ್ಚು ಪೂರ್ತಿ ಒತ್ತಿದ್ದಾಳೋ ಇಲ್ಲವೋ! ಎದ್ದು, ಗೋಡೆ ತಡವುತ್ತಾ ಹೋಗಿ, ಬೆರಳಿನಿಂದ ಮುಟ್ಟಿ ನೋಡಿ ಬಂದೆ.